ಒಂದೇ ಡಿಸ್ಕು, ಇಬ್ಬರು ಪಾಲುದಾರರು

1997ರ ಆಗಸ್ಟ್‌ನಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಬಳ್ಳಾರಿಯೇ ಎರಡಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಆ ಹೊಸ ಜಿಲ್ಲೆಯ ಪಾಲಾದವು. ಅವುಗಳಲ್ಲಿ ಕೊಟ್ಟೂರು ಅದಕ್ಕೆ ಕೆಲವೇ ವರ್ಷಗಳ ಹಿಂದೆ ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕು ಆಗಿತ್ತು. ಇಷ್ಟೆಲ್ಲ ಆದರೂ ಉಚ್ಚಂಗಿದುರ್ಗದ ಕೋಟೆ ಒಂದಡಿಯೂ ಸರಿಯಲಿಲ್ಲ. ಹಡಗಲಿಯ ಮಲ್ಲಿಗೆ ಗಿಡಗಳು ಇದ್ದಲ್ಲೇ ಹೂ ಬಿಟ್ಟವು. ಬದಲಾದದ್ದು ಕಾಗದ ಮಾತ್ರ. ಯಾವ ಊರು ಯಾವ ಕಚೇರಿಯ ಲೆಕ್ಕಕ್ಕೆ ಸೇರಿದೆ ಎಂಬ ಪಟ್ಟಿ ಬದಲಾಯಿತು, ಅಷ್ಟೆ. ಆದರೆ ಪಟ್ಟಿ ಬದಲಾದರೆ ಅಲೆದಾಟ ತಪ್ಪದು ಎಂಬುದು ಒಂದು ದಾಖಲೆಗಾಗಿ ಎರಡು ಜಿಲ್ಲಾ ಕಚೇರಿಗಳ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಪಾಲು ಮಾಡುವುದೂ ಇದೇ ಬಗೆಯ ಕೆಲಸ. ಪಾರ್ಟಿಶನ್ ಎಂದಾಕ್ಷಣ ಡಿಸ್ಕಿನೊಳಗೆ ಗೋಡೆ ಏಳುವುದಿಲ್ಲ, ಗೆರೆ ಕೊರೆಯುವುದಿಲ್ಲ. ಡಿಸ್ಕಿನ ತಲೆಭಾಗದಲ್ಲಿರುವ ಒಂದು ಪುಟ್ಟ ಪಟ್ಟಿಯಲ್ಲಿ ‘ಇಲ್ಲಿಂದ ಇಲ್ಲಿಗೆ ಇಂಥವರದು’ ಎಂದು ಬರೆದಿರುತ್ತದೆ, ಅಷ್ಟೇ. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು, ಇಟ್ಟುಕೊಳ್ಳಲು ಹೊರಟವರು ನಾಲ್ಕು ದಶಕಗಳಿಂದ ಪಡುತ್ತ ಬಂದ ಪಾಡೆಲ್ಲ ಹೆಚ್ಚಾಗಿ ಆ ಪಟ್ಟಿಗೆ ಸಂಬಂಧಿಸಿದ್ದು.

ಈ ಹಳೆಯ ಪಾಡು ಈಗ ತಾಲ್ಲೂಕು ಊರುಗಳಿಗೂ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸಾಕಷ್ಟು ಹೊಸದಾದ ಪ್ರೊಸೆಸರನ್ನೂ ಬೇಡುತ್ತದೆ. ಹತ್ತು ವರ್ಷ ಹಳೆಯದಾದರೂ ಗಟ್ಟಿಯಾಗಿರುವ ಯಂತ್ರಗಳಿಗೆ ಉಳಿದಿರುವ ದಾರಿಗಳಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಒಂದು. ಆದರೆ ವಿಂಡೋಸನ್ನು ಪೂರ್ತಿ ಕೈಬಿಡುವುದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಸುಲಭವಲ್ಲ. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿಗಳನ್ನು ವರ್ಷಗಟ್ಟಲೆ ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪು ಮಾಡಿ ಪೇಜ್‌ಮೇಕರ್ ಕಡತಗಳಾಗಿ ಕೂಡಿಟ್ಟವರು ಅವನ್ನು ತೆರೆಯಲು ವಿಂಡೋಸನ್ನೇ ನಂಬಬೇಕು. ಹೀಗಾಗಿ ಎರಡೂ ಇರಲಿ ಎಂಬ ತೀರ್ಮಾನ. ಅಲ್ಲಿಂದ ಡಿಸ್ಕಿನ ಪಾಲುಪಟ್ಟಿಯ ಕಥೆ ಶುರು.

ಐಬಿಎಂ ಸಂಸ್ಥೆ 1981ರಲ್ಲಿ ಹೊರತಂದ ಮೊದಲ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ತೂರಿಸಿದರೆ ಅದರಲ್ಲಿದ್ದ ವ್ಯವಸ್ಥೆ ಓಡುತ್ತಿತ್ತು. ಬೇರೆ ವ್ಯವಸ್ಥೆ ಬೇಕೆಂದರೆ ಬೇರೆ ಫ್ಲಾಪಿ. ಆಸ್ತಿ ಇಲ್ಲದ ಮನೆಯಲ್ಲಿ ಪಾಲಿನ ಜಗಳವೂ ಇಲ್ಲ. 1983ರ ಮಾರ್ಚ್‌ನಲ್ಲಿ ಬಂದ ಪಿಸಿ ಎಕ್ಸ್‌ಟಿ ಮಾದರಿ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಹೊತ್ತು ತಂದಿತು. ಇಂದು ಮೊಬೈಲಿನಲ್ಲಿ ತೆಗೆಯುವ ಮೂರೋ ನಾಲ್ಕೋ ಫೋಟೊಗಳಿಗೆ ಸಾಲುವಷ್ಟು ಜಾಗ ಅದು. ಆಗ ಡಾಸ್ ಅಲ್ಲದೆ ಸಿಪಿ/ಎಂ-86, ಕ್ಸೆನಿಕ್ಸ್ ಮುಂತಾದ ವ್ಯವಸ್ಥೆಗಳೂ ಬಳಕೆಯಲ್ಲಿದ್ದವು. ಒಂದೇ ಡಿಸ್ಕಿನಲ್ಲಿ ಬೇರೆಬೇರೆ ವ್ಯವಸ್ಥೆಗಳು ಬಾಳಲಿ ಎಂದು ಡಾಸ್ 2.0 ಜೊತೆಯಲ್ಲಿ ಎಫ್‌ಡಿಸ್ಕ್ ಎಂಬ ಸಾಧನವೂ ಪಾರ್ಟಿಶನ್ ಪಟ್ಟಿಯೂ ಬಂದವು. ಅಂದರೆ ಈ ಪಟ್ಟಿ ಹುಟ್ಟಿದ್ದೇ ಸಹಬಾಳ್ವೆಗಾಗಿ. ಮುಂದೆ ಅದೇ ಜಗಳದ ಮೂಲವಾಯಿತು.

ಪಟ್ಟಿಯ ರಚನೆ ಸರಳ. ಡಿಸ್ಕಿನ ಮೊಟ್ಟಮೊದಲ ತುಂಡಿನಲ್ಲಿ 512 ಬೈಟುಗಳು. ಅದರಲ್ಲಿ 446 ಬೈಟುಗಳಷ್ಟು ಜಾಗ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, ಕೊನೆಯ ಎರಡು ಬೈಟು ಮೊಹರಿಗೆ. ನಡುವೆ ಉಳಿದ 64 ಬೈಟುಗಳಲ್ಲಿ 16 ಬೈಟುಗಳ ನಾಲ್ಕು ಸಾಲು. ಒಂದೊಂದು ಸಾಲೂ ಒಂದೊಂದು ಪಾಲು. ಇಡೀ ಡಿಸ್ಕಿನ ಪಹಣಿ ಇಷ್ಟೇ. ನಾಲ್ಕಕ್ಕಿಂತ ಹೆಚ್ಚು ಮಂದಿ ಪಾಲುದಾರರು ಬಂದಾರು ಎಂದು 1983ರಲ್ಲಿ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಪ್ರತಿ ಸಾಲಿನಲ್ಲೂ ಒಂದು ಬೈಟು ‘ಇದು ಯಾರ ಹೊಲ’ ಎಂದು ಹೇಳುವ ಸಂಕೇತ. ಈ ಸಂಕೇತಗಳನ್ನು ಹಂಚುವ ಅಧಿಕೃತ ಕಚೇರಿ ಯಾವುದೂ ಇರಲಿಲ್ಲ. ಪರಿಣಾಮವಾಗಿ ಲಿನಕ್ಸ್ ತನ್ನ ಸ್ವಾಪ್ ಜಾಗಕ್ಕೆ, ಅಂದರೆ ನೆನಪು ಸಾಲದೆ ಬಂದಾಗ ಬಳಸುವ ಗೀಚುಹಲಗೆಗೆ, ಇಟ್ಟುಕೊಂಡ 82 ಎಂಬ ಸಂಕೇತವೂ ಸೋಲಾರಿಸ್ ಎಂಬ ಇನ್ನೊಂದು ವ್ಯವಸ್ಥೆ ತನ್ನ ಇಡೀ ಪಾಲಿಗೆ ಇಟ್ಟುಕೊಂಡ ಸಂಕೇತವೂ ಒಂದೇ ಆದವು. ಒಬ್ಬರ ಮನೆ ಇನ್ನೊಬ್ಬರ ಕಣ್ಣಿಗೆ ಗೀಚುಹಲಗೆಯಾಗಿ ಕಂಡರೆ ಆಗುವುದೇನು ಎಂದು ಹೇಳಬೇಕಿಲ್ಲ.

ಗಡಿಯ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಪ್ರತಿ ಸಾಲೂ ತನ್ನ ಪಾಲಿನ ಗಡಿಯನ್ನು ಎರಡು ಬಾರಿ, ಎರಡು ಬೇರೆ ಅಳತೆಗಳಲ್ಲಿ ಬರೆದುಕೊಂಡಿರುತ್ತದೆ. ಒಂದು ಅಳತೆ ಡಿಸ್ಕಿನ ಆಕಾರವನ್ನು ಹಿಡಿದದ್ದು: ಎಷ್ಟನೇ ಸಿಲಿಂಡರ್, ಎಷ್ಟನೇ ಹೆಡ್, ಎಷ್ಟನೇ ಸೆಕ್ಟರ್ ಎಂದು. ತಿರುಗುವ ತಟ್ಟೆಗಳ ಮೇಲಿನ ಸುತ್ತುಗಳನ್ನೂ, ಅವನ್ನು ಓದುವ ತಲೆಗಳನ್ನೂ, ಸುತ್ತಿನ ತುಂಡುಗಳನ್ನೂ ಎಣಿಸುವ ಕ್ರಮ ಅದು. ಇನ್ನೊಂದು ಅಳತೆ ಆಕಾರದ ಗೊಡವೆಗೆ ಹೋಗದೆ ಮೊದಲ ತುಂಡಿನಿಂದ ಸುಮ್ಮನೆ ಸೊನ್ನೆ, ಒಂದು, ಎರಡು ಎಂದು ಎಣಿಸಿಕೊಂಡು ಹೋಗುವುದು.

ಒಂದೇ ನೆಲಕ್ಕೆ ಎರಡು ಅಳತೆ ಎಂದರೇನು ಎಂದು ಬಳ್ಳಾರಿ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷ್ ಕಂಪನಿಗೆ ಬಿಟ್ಟುಕೊಟ್ಟ ಈ ನಾಡು ಥಾಮಸ್ ಮನ್ರೋನ ಕಾಲದಿಂದ ಮದ್ರಾಸಿನ ಕಂದಾಯ ಪದ್ಧತಿಗೆ ಒಳಪಟ್ಟಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು; ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿ ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ಮದ್ರಾಸಿನಲ್ಲಿ ಎಕರೆಗೆ 100 ಸೆಂಟ್ಸ್, ಮೈಸೂರಿನಲ್ಲಿ ಎಕರೆಗೆ 40 ಗುಂಟೆ. ಇಪ್ಪತ್ತು ಎಂದು ಮಾತ್ರ ಬರೆದಿದ್ದರೆ ಸೆಂಟ್ಸ್ ಲೆಕ್ಕದಲ್ಲಿ ಅದು 8 ಗುಂಟೆ, ಗುಂಟೆಯ ಲೆಕ್ಕದಲ್ಲಿ ಅರ್ಧ ಎಕರೆ. ಅಂಕಿ ತಪ್ಪಿಲ್ಲ, ನೆಲ ತಪ್ಪಿಲ್ಲ. ಓದುವವನು ಹಿಡಿದ ಸರಪಳಿ ಬೇರೆ.

ಡಿಸ್ಕಿನಲ್ಲೂ ಇದೇ ಆಯಿತು. ಸಿಲಿಂಡರ್ ಲೆಕ್ಕಕ್ಕೆ ಪಟ್ಟಿಯಲ್ಲಿ ಸಿಕ್ಕ ಜಾಗದಲ್ಲಿ 1024ಕ್ಕಿಂತ ಹೆಚ್ಚು ಸಿಲಿಂಡರ್ ಬರೆಯಲು ಬರುವುದಿಲ್ಲ. ಯಂತ್ರವನ್ನು ಎಬ್ಬಿಸುವ ಬಯಾಸ್‌ನ ಮಿತಿಯೂ, ಡಿಸ್ಕು ಒಪ್ಪುವ 16 ಹೆಡ್‌ಗಳ ಮಿತಿಯೂ ಕೂಡಿದಾಗ 504 ಮೆಗಾಬೈಟಿಗೆ ದಾರಿ ಮುಚ್ಚುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಡಿಸ್ಕುಗಳು ಈ ಮಿತಿಯನ್ನು ದಾಟಿದಾಗ ತಯಾರಕರು ಒಂದು ಉಪಾಯ ಹೂಡಿದರು: ಡಿಸ್ಕಿನಲ್ಲಿ ಇಲ್ಲದ 255 ಹೆಡ್‌ಗಳು ಇವೆ ಎಂದು ಬಯಾಸ್ ಸುಳ್ಳು ಹೇಳುವುದು, ಹಾಗೆ ಹೇಳಿ ಸಿಲಿಂಡರುಗಳ ಸಂಖ್ಯೆಯನ್ನು ಕಡಿಮೆ ತೋರಿಸುವುದು. ಸುಳ್ಳೇ ಆದರೂ ಎಲ್ಲರೂ ಅದೇ ಸುಳ್ಳನ್ನು ಹೇಳುವವರೆಗೆ ವ್ಯವಹಾರ ನಡೆಯುತ್ತದೆ. ಇದರಿಂದ ಮಿತಿ ಸುಮಾರು 8 ಗಿಗಾಬೈಟಿಗೆ ಏರಿತು. ಆಗ ಲಿನಕ್ಸನ್ನು ಎಬ್ಬಿಸುತ್ತಿದ್ದ ಲಿಲೋ ಎಂಬ ಪ್ರೋಗ್ರಾಮು 1024ನೇ ಸಿಲಿಂಡರಿನ ಆಚೆಗಿದ್ದುದನ್ನು ಓದಲಾರದಾಗಿತ್ತು. ವಿಂಡೋಸ್ ಮುಂದಿನ ಜಾಗವನ್ನೆಲ್ಲ ಹಿಡಿದು ಕೂತಿದ್ದರೆ, ಹಿಂದಿನ ಜಾಗದಲ್ಲಿ ಹಾಕಿದ ಲಿನಕ್ಸ್ ಏಳುತ್ತಲೇ ಇರಲಿಲ್ಲ. ಹಾಕುವಾಗ ಯಾವ ದೋಷವೂ ಕಾಣದು. ಯಂತ್ರ ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ‘ಎಲ್‌ಐ’ ಎಂಬೆರಡು ಅಕ್ಷರ ಮೂಡಿ ನಿಂತುಬಿಡುತ್ತಿತ್ತು. ಲಿಲೋ ಎಂಬ ನಾಲ್ಕಕ್ಷರದಲ್ಲಿ ಎಷ್ಟು ಅಕ್ಷರ ಮೂಡಿದೆಯೋ ಅಷ್ಟರ ಮೇಲೆ ರೋಗ ಯಾವುದೆಂದು ಊಹಿಸುವುದು ಆ ಕಾಲದವರ ವೈದ್ಯ.

ಲಿನಕ್ಸ್ ಹುಟ್ಟಿದ್ದೇ ಪಾಲಿನ ಮನೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿಕೊಂಡು, ಅದರೊಳಗೆ ಕೂತು ತನ್ನದೇ ವ್ಯವಸ್ಥೆಯನ್ನು ಬರೆಯತೊಡಗಿದ. ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಮೋಡೆಮ್ ಮೂಲಕ ಫೋನ್ ಹಚ್ಚುವ ಆಜ್ಞೆಯನ್ನು ಒಮ್ಮೆ ಮೋಡೆಮಿಗೆ ಕೊಡುವ ಬದಲು ತಪ್ಪಿ ಹಾರ್ಡ್ ಡಿಸ್ಕಿಗೇ ಕೊಟ್ಟುಬಿಟ್ಟ. ಫೋನ್ ನಂಬರು ಮಿನಿಕ್ಸಿನ ಪಾಲಿನ ಮೇಲೆ ಬರೆದುಹೋಗಿ ಮಿನಿಕ್ಸ್ ಕೆಟ್ಟಿತು. ಅದನ್ನು ಮತ್ತೆ ಹಾಕಿಕೊಳ್ಳುವುದೋ, ತಾನೇ ಬರೆಯುತ್ತಿದ್ದುದನ್ನು ಸ್ವತಂತ್ರವಾಗಿ ನಿಲ್ಲುವಂತೆ ಮಾಡುವುದೋ ಎಂಬ ಪ್ರಶ್ನೆ ಎದ್ದಾಗ ಆತ ಎರಡನೆಯದನ್ನು ಆರಿಸಿಕೊಂಡ. ಇದನ್ನು ಆತನೇ 2001ರ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಒಂದು ಪಾಲು ಅಳಿದು ಇಷ್ಟು ದೊಡ್ಡ ಲಾಭವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಉಳಿದವರ ಅದೃಷ್ಟ ಹಾಗಿರಲಿಲ್ಲ.

ಸಾಮಾನ್ಯ ಬಳಕೆದಾರನ ಯಂತ್ರ ಅಂಗಡಿಯಿಂದ ಬರುವಾಗಲೇ ಪೂರ್ತಿ ಡಿಸ್ಕು ವಿಂಡೋಸಿನ ಹೆಸರಿಗೆ ಆಗಿರುತ್ತದೆ. ಎರಡನೆಯವನಿಗೆ ಜಾಗ ಬೇಕಾದರೆ ಇರುವ ಪಾಲನ್ನು ಕಿರಿದು ಮಾಡಬೇಕು. ಎಫ್‌ಡಿಸ್ಕಿಗೆ ಆ ವಿದ್ಯೆ ತಿಳಿಯದು. ಅದಕ್ಕೆ ಗೊತ್ತಿದ್ದುದು ಹಳೆಯ ಪಾಲನ್ನು ಅಳಿಸಿ ಹೊಸದನ್ನು ಬರೆಯುವುದು. ಒಳಗಿದ್ದ ಕಡತಗಳು ಹೋದಂತೆಯೇ ಲೆಕ್ಕ. 1990ರ ದಶಕದ ಮೊದಲ ವರ್ಷಗಳಲ್ಲಿ ಫಿಪ್ಸ್ ಎಂಬ ಉಚಿತ ಸಾಧನ ಬಂತು. ಸ್ವಲ್ಪ ಹಿಂದುಮುಂದಾಗಿ ಪಾರ್ಟಿಶನ್ ಮ್ಯಾಜಿಕ್ ಎಂಬ ದುಬಾರಿ ಸಾಧನವೂ ಬಂತು. ಫಿಪ್ಸ್ ಮಾಡುತ್ತಿದ್ದುದು ಪೋಡಿಯ ಕೆಲಸ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಮೊದಲು ಇದ್ದ ಬೆಳೆಯನ್ನೆಲ್ಲ ಒಂದು ಪಕ್ಕಕ್ಕೆ ತಂದು ಒಟ್ಟುವಂತೆ, ಕಡತಗಳನ್ನೆಲ್ಲ ಮೊದಲು ಡಿಫ್ರ್ಯಾಗ್ ಮಾಡಿ ಡಿಸ್ಕಿನ ಮುಂಭಾಗಕ್ಕೆ ಸರಿಸಬೇಕು. ಆಮೇಲೆ ಫಿಪ್ಸ್ ಹಿಂದೆ ಉಳಿದ ಖಾಲಿ ಜಾಗಕ್ಕೆ ಹೊಸ ಬಾಂದುಕಲ್ಲು ನೆಡುತ್ತಿತ್ತು. ಜಾಗೆಯಿಂದ ಅಲುಗದ ಒಂದೇ ಒಂದು ಕಡತ ಡಿಸ್ಕಿನ ಕೊನೆಯಲ್ಲಿ ಕೂತಿದ್ದರೂ ಪೋಡಿ ನಿಂತುಹೋಗುತ್ತಿತ್ತು. ಹೊಲದ ನಡುವಿನ ಬಾವಿಯ ಹಾಗೆ.

ಇಂಗ್ಲಿಷಿನ ಪ್ರೈಮರಿ, ಎಕ್ಸ್‌ಟೆಂಡೆಡ್, ಲಾಜಿಕಲ್ ಎಂಬ ಮಾತುಗಳಿಗೆ ಕನ್ನಡದಲ್ಲಿ ಬಳಕೆಯ ಪದಗಳು ನೆಲೆಗೊಳ್ಳಲಿಲ್ಲ. ಲಿನಕ್ಸ್ ಪರದೆಗಳನ್ನು ಕನ್ನಡಕ್ಕೆ ತಂದವರ ಶ್ರಮ ದೊಡ್ಡದು. ‘ಕೇದಗೆ’, ‘ಮಲ್ಲಿಗೆ’ ಎಂಬ ಹೆಸರಿನ ಕನ್ನಡ ಅಕ್ಷರಗುಚ್ಛಗಳೂ ಲಿನಕ್ಸಿಗೆ ದೊರೆತವು. ಆದರೆ ಪಾಲಿನ ಪರದೆಗೆ ಬಂದಾಗ ಮಾತು ಕೈಕೊಡುತ್ತದೆ. ಬೇಕಾದ ಪದಗಳು ನಿಘಂಟಿನಲ್ಲಿ ಹುಡುಕಬೇಕಾದವಲ್ಲ, ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಬಿದ್ದಿದ್ದವು: ಸರ್ವೆ ನಂಬರು, ಹಿಸ್ಸಾ, ಪೋಡಿ, ಖರಾಬು, ಒತ್ತುವರಿ. ಕೂಡ್ಲಿಗಿಯ ರೈತನಿಗೆ ‘ಲಾಜಿಕಲ್ ಪಾರ್ಟಿಶನ್’ ತಿಳಿಯದಿರಬಹುದು. ಸರ್ವೆ ನಂಬರಿನೊಳಗಿನ ಹಿಸ್ಸಾ ಎಂದರೆ ನಿದ್ದೆಯಲ್ಲೂ ತಿಳಿಯುತ್ತದೆ.

ಹಿಸ್ಸಾದ ಮಾತು ಬಂದದ್ದರಿಂದ ಅದರ ಹಿನ್ನೆಲೆಯನ್ನೂ ಹೇಳಬೇಕು. ಹಳೆಯ ಡಾಸ್ 32 ಮೆಗಾಬೈಟಿಗಿಂತ ದೊಡ್ಡ ಪಾಲನ್ನು ನಿಭಾಯಿಸಲಾರದಾಗಿತ್ತು. ಡಿಸ್ಕುಗಳು ಅದಕ್ಕಿಂತ ದೊಡ್ಡವಾದಾಗ 1987ರ ಡಾಸ್ 3.3 ಒಂದು ಹಾದಿ ತೋರಿಸಿತು. ನಾಲ್ಕು ಸಾಲುಗಳಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಎಂದು ಕರೆದು, ಅದರೊಳಗೆ ಎಷ್ಟು ಬೇಕಾದರೂ ಹಿಸ್ಸಾ ಮಾಡಿಕೊಳ್ಳಬಹುದು. ಮುಂದೆ 2 ಗಿಗಾಬೈಟಿನ ಮಿತಿ ಎದುರಾದಾಗಲೂ ಇದೇ ಕೈಹಿಡಿಯಿತು. ಸಿ, ಡಿ, ಇ ಎಂದು ಡಿಸ್ಕನ್ನು ಮೂರು ಮಾಡಿಕೊಡುವ ನಮ್ಮ ಅಂಗಡಿಗಳ ವಾಡಿಕೆ ಬಂದದ್ದು ಆ ಕಾಲದಿಂದ. ಮಿತಿ ಹೋದ ಮೇಲೂ ವಾಡಿಕೆ ಉಳಿಯಿತು. ಸಿ ಕೆಟ್ಟರೆ ಡಿಯಲ್ಲಿದ್ದುದು ಉಳಿಯುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು.

ಎರಡನೆಯ ವ್ಯವಸ್ಥೆಯನ್ನು ಹಾಕಹೊರಟವರು ಎಡವುತ್ತಿದ್ದುದು ಇಲ್ಲಿಯೇ. ಲಿನಕ್ಸಿನಲ್ಲಿ ಸಿ, ಡಿ ಎಂಬ ಅಕ್ಷರಗಳಿಲ್ಲ. ಮೊದಲ ಡಿಸ್ಕಿನ ಪಾಲುಗಳು ಆಗ ಎಚ್‌ಡಿಎ1, ಎಚ್‌ಡಿಎ2 ಎಂದು ಸಾಗುತ್ತಿದ್ದವು. ಒಂದರಿಂದ ನಾಲ್ಕರವರೆಗಿನ ಅಂಕಿಗಳು ಪಟ್ಟಿಯ ನಾಲ್ಕು ಸಾಲುಗಳಿಗೆ ಮೀಸಲು. ಹಿಸ್ಸಾಗಳ ಲೆಕ್ಕ ಐದರಿಂದ ಆರಂಭ. ಸಿ ಎಂಬುದು ಎಚ್‌ಡಿಎ1. ಆದರೆ ಡಿ ಎಂಬುದು ಎಚ್‌ಡಿಎ2 ಅಲ್ಲ, ಎಚ್‌ಡಿಎ5. ಎಚ್‌ಡಿಎ2 ಎಂದು ಕಾಣುವುದು ಡಿ, ಇ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಸರ್ವೆ ನಂಬರು. ‘ಡಿ ಖಾಲಿ ಇದೆ, ಎರಡನೆಯದನ್ನು ಅಳಿಸೋಣ’ ಎಂದುಕೊಂಡು ಎಚ್‌ಡಿಎ2 ಅಳಿಸಿದವರು ಡಿ ಜೊತೆಗೆ ಇಯನ್ನೂ ಕಳೆದುಕೊಂಡರು. ಹಿಸ್ಸಾಗಳ ದಾಖಲೆ ಸರಪಳಿಯ ಹಾಗೆ ಒಂದರಿಂದೊಂದಕ್ಕೆ ಬೆಸೆದದ್ದು. ಒಂದು ಕೊಂಡಿ ಕಳಚಿದರೆ ಮುಂದಿನವೆಲ್ಲ ಕಾಣೆ.

ಸಿಡಿಗಳು ನಮ್ಮಲ್ಲಿ ಹರಡಿದ ಬಗೆಯೂ ಈ ಅವಾಂತರಗಳಿಗೆ ಕಾರಣ. 1990ರ ದಶಕದ ಉತ್ತರಾರ್ಧದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ಓದುಗರಿಗೆ ಕೊಟ್ಟಿತು. ಬೆಂಗಳೂರಿನಲ್ಲಿ 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮಾವೇಶಗಳು ನಡೆದವು. 2005ರಿಂದ 2011ರವರೆಗೆ ಉಬುಂಟು ಸಂಸ್ಥೆ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸಿತು. ಸಿಡಿ ಎಲ್ಲ ಊರಿಗೂ ಬಂತು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ದೊಡ್ಡ ನಗರಗಳಲ್ಲೇ ಉಳಿದರು. ಜೊತೆಗೆ ಕರೆಂಟಿನ ಕಾಟ. ಪಾಲನ್ನು ಕಿರಿದು ಮಾಡುವ ಕೆಲಸ ಅರ್ಧಕ್ಕೆ ನಿಂತರೆ ಹಳೆಯ ಗಡಿಯೂ ಇಲ್ಲ, ಹೊಸದೂ ಇಲ್ಲ. ಲೋಡ್‌ಶೆಡ್ಡಿಂಗ್ ವೇಳಾಪಟ್ಟಿ ನೋಡಿಕೊಂಡು ಡಿಸ್ಕು ಪಾಲು ಮಾಡಬೇಕೆಂದು ಯಾವ ಕೈಪಿಡಿಯೂ ಬರೆದಿರಲಿಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತಾಪತ್ರಯ ಅಷ್ಟಾಗಿ ತಟ್ಟಲಿಲ್ಲ. ಕೇರಳ ಸರ್ಕಾರ ಶಾಲೆಗಳ ಕಂಪ್ಯೂಟರ್ ಪಾಠಕ್ಕೆ ಲಿನಕ್ಸ್ ಒಂದನ್ನೇ ಆರಿಸಿಕೊಂಡಿತು. ಒಬ್ಬನೇ ಒಡೆಯನಿದ್ದಲ್ಲಿ ಪಾಲಿಲ್ಲ.

ಇಬ್ಬರು ಇದ್ದಲ್ಲಿ ಬಾಗಿಲು ಕಾಯುವವರು ಯಾರು ಎಂಬುದು ಮುಂದಿನ ಜಗಳ. ಮೊದಲ ತುಂಡಿನ ಆ 446 ಬೈಟುಗಳಲ್ಲಿ ಕೂತವನೇ ಯಂತ್ರ ಎದ್ದಾಗ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವನು. ಲಿನಕ್ಸಿನ ಲಿಲೋ, ನಂತರ ಬಂದ ಗ್ರಬ್, ಪಟ್ಟಿ ತೋರಿಸಿ ‘ಯಾರು ಬೇಕು’ ಎಂದು ಕೇಳುತ್ತಿದ್ದವು. ವಿಂಡೋಸ್ ಮತ್ತೆ ಹಾಕಿದಾಗ ಆ ಜಾಗದಲ್ಲಿ ಯಾರಿದ್ದಾರೆಂದು ನೋಡುವ ಗೋಜಿಗೇ ಹೋಗದೆ ತನ್ನ ಕಾವಲುಗಾರನನ್ನು ಕೂರಿಸುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲೇ ಇರುತ್ತಿತ್ತು, ಕರೆಯುವವರು ಇರಲಿಲ್ಲ. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ಸೂತ್ರ ಹುಟ್ಟಿದ್ದು ಹೀಗೆ. ಗಡಿಯಾರದ ವಿಷಯದಲ್ಲೂ ಇಬ್ಬರಿಗೆ ಹೊಂದಾಣಿಕೆಯಿಲ್ಲ. ಯಂತ್ರದ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತದೆ ಎಂದು ಒಬ್ಬ, ಗ್ರೀನಿಚ್ ಸಮಯ ತೋರಿಸುತ್ತದೆ ಎಂದು ಇನ್ನೊಬ್ಬ ನಂಬುವುದರಿಂದ ಭಾರತದಲ್ಲಿ ಸರಿಯಾಗಿ ಐದೂವರೆ ಗಂಟೆಯ ಅಂತರ ಬೀಳುತ್ತದೆ.

ಎರಡು ಅಳತೆಗಳ ಕಥೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು 2004ರ ಮೇ ತಿಂಗಳಲ್ಲಿ. ಫೆಡೋರಾ ಕೋರ್ 2 ಎಂಬ ಲಿನಕ್ಸ್ ಆವೃತ್ತಿ ಬಿಡುಗಡೆಯಾಯಿತು. ಅದನ್ನು ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರಗಳಿಗೆ ಹಾಕಿದ ಹಲವರಿಗೆ ವಿಂಡೋಸ್ ಏಳದೆ ಹೋಯಿತು. ಆದದ್ದಿಷ್ಟು: ಹೊಸ ಲಿನಕ್ಸ್ ತಿರುಳು ಬಯಾಸ್ ಹೇಳುವ 255 ಹೆಡ್‌ಗಳ ಸುಳ್ಳನ್ನು ಕೇಳುವುದನ್ನು ಬಿಟ್ಟು ಡಿಸ್ಕು ತಾನೇ ಹೇಳುವ 16 ಹೆಡ್‌ಗಳ ಲೆಕ್ಕ ಹಿಡಿದಿತ್ತು. ಪಾಲು ಮಾಡುವ ಸಾಧನ ಆ ಲೆಕ್ಕದಲ್ಲಿ ಪಟ್ಟಿಯ ಸಿಲಿಂಡರ್ ಅಂಕಿಗಳನ್ನು ತಿದ್ದಿ ಬರೆಯಿತು. ಬಯಾಸನ್ನೇ ನಂಬಿ ಅದೇ ಅಂಕಿಗಳನ್ನು ಓದಿದ ವಿಂಡೋಸಿಗೆ ತನ್ನ ಮನೆ ಸಿಗಲಿಲ್ಲ. ಸೆಂಟ್ಸ್‌ನಲ್ಲಿದ್ದ ಪಹಣಿಯನ್ನು ಗುಂಟೆಗೆ ತಿದ್ದಿ, ಹಾಗೆ ತಿದ್ದಿದ್ದನ್ನು ಹೇಳದೆ ಹೋದ ಹಾಗೆ. ಒಂದೂ ಕಡತ ಅಳಿದಿರಲಿಲ್ಲ. ಹಳೆಯ ಅಂಕಿಗಳನ್ನು ಮತ್ತೆ ಬರೆದರೆ, ಎಷ್ಟೋ ಯಂತ್ರಗಳಲ್ಲಿ ಬಯಾಸ್‌ನ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು, ವಿಂಡೋಸ್ ಎದ್ದು ಕೂರುತ್ತಿತ್ತು. ಇದು ತಿಳಿಯದೆ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿದವರಿಗೆ ಮಾತ್ರ ನಿಜವಾದ ನಷ್ಟ.

ಪಟ್ಟಿಗಿದ್ದ ದೊಡ್ಡ ದೌರ್ಬಲ್ಯ ಅದರ ಒಂಟಿತನ. ಇದ್ದದ್ದು ಒಂದೇ ಪ್ರತಿ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರ ಹಿಂದೆ ಇದೇ ಆತಂಕವಿತ್ತು. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಒಂದೇ ಪುಸ್ತಕ ತಿದ್ದಿದರೂ ಹರಿದರೂ ಕೇಳುವವರಿರಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂಟೆಲ್ ಸಂಸ್ಥೆ ಬಯಾಸ್ ಬದಲಿಗೆ ರೂಪಿಸಿದ ಇಎಫ್‌ಐ ವ್ಯವಸ್ಥೆಯ ಭಾಗವಾಗಿ ಡಿಸ್ಕಿಗೂ ಹೊಸ ಪಹಣಿ ಬಂತು. ಜಿಪಿಟಿ ಎಂಬ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳು. ಒಂದು ಪ್ರತಿ ಡಿಸ್ಕಿನ ತಲೆಯಲ್ಲಿ, ಇನ್ನೊಂದು ಬಾಲದಲ್ಲಿ. ಅಂಕಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಲೆಕ್ಕವೂ ಉಂಟು. ಸಿಲಿಂಡರು, ಹೆಡ್ಡುಗಳ ಅಳತೆಯನ್ನೇ ಕೈಬಿಡಲಾಯಿತು. ಹಳೆಯ ಪಟ್ಟಿ 2 ಟೆರಾಬೈಟಿನ ಆಚೆ ಕಾಣಲಾರದು. ಹೊಸದಕ್ಕೆ ಆ ಭಯವಿಲ್ಲ. ಹಳೆಯ ಸಾಧನಗಳು ಹೊಸ ಡಿಸ್ಕನ್ನು ಖಾಲಿ ಎಂದು ತಿಳಿದು ತುಳಿಯಬಾರದೆಂದು ಮೊದಲ ತುಂಡಿನಲ್ಲಿ ‘ಇದು ಪೂರ್ತಿ ಭರ್ತಿಯಾಗಿದೆ’ ಎಂಬ ಹುಸಿ ಫಲಕವನ್ನೂ ತೂಗುಹಾಕಿದರು.

2012ರಲ್ಲಿ ವಿಂಡೋಸ್ 8ರ ಜೊತೆ ಈ ಪದ್ಧತಿ ಮನೆಮನೆಗೆ ಬಂತು. ಅದಕ್ಕೆ ಮುಂಚಿನ ಕೆಲವು ವರ್ಷ ಲ್ಯಾಪ್‌ಟಾಪ್ ಕೊಂಡವರು ಬೇರೊಂದು ಗೋಡೆಗೆ ಹಾಯ್ದಿದ್ದರು. ಕೆಲವು ತಯಾರಕರು ವಿಂಡೋಸಿಗೆ, ಅದನ್ನು ಎಬ್ಬಿಸುವ ಭಾಗಕ್ಕೆ, ಮರುಸ್ಥಾಪನೆಗೆ, ತಮ್ಮ ಉಪಕರಣಗಳಿಗೆ ಎಂದು ನಾಲ್ಕೂ ಸಾಲುಗಳನ್ನು ತಾವೇ ತುಂಬಿ ಕಳಿಸುತ್ತಿದ್ದರು. ಡಿಸ್ಕಿನಲ್ಲಿ ಬೇಕಾದಷ್ಟು ಖಾಲಿ ಜಾಗ, ಪಟ್ಟಿಯಲ್ಲಿ ಮಾತ್ರ ಸಾಲಿಲ್ಲ. ಹೊಸ ಪದ್ಧತಿ ಆ ತೊಡಕನ್ನು ಕಳೆದು, ಬೇರೆ ತೊಡಕುಗಳನ್ನು ತಂದಿತು. ಒಂದು ವ್ಯವಸ್ಥೆಯನ್ನು ಹಳೆಯ ಬಯಾಸ್ ರೀತಿಯಲ್ಲೂ ಇನ್ನೊಂದನ್ನು ಹೊಸ ರೀತಿಯಲ್ಲೂ ಹಾಕಿದರೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಬೇಗ ಏಳಲೆಂದು ವಿಂಡೋಸ್ ಪೂರ್ತಿ ಮಲಗದೆ ಅರ್ಧ ಕಣ್ಣು ಮುಚ್ಚುವ ‘ಫಾಸ್ಟ್ ಸ್ಟಾರ್ಟಪ್’ ರೂಢಿಗೆ ಬಂತು. ಆ ಸ್ಥಿತಿಯಲ್ಲಿ ಅದರ ಪಾಲಿಗೆ ಲಿನಕ್ಸ್ ಏನಾದರೂ ಬರೆದರೆ ಕಡತಗಳು ಕೆಡುತ್ತವೆ. ಹೀಗಾಗಿ ಲಿನಕ್ಸ್ ಅಲ್ಲಿ ಓದಲು ಮಾತ್ರ ಒಪ್ಪುತ್ತದೆ.

‘ಸೆಕ್ಯೂರ್ ಬೂಟ್’ ಬಂದ ಮೇಲಂತೂ ಬಾಗಿಲು ಕಾಯುವವನಿಗೆ ರುಜು ಹಾಕಿದ ಗುರುತುಚೀಟಿ ಬೇಕಾಯಿತು. ಬಹುಪಾಲು ಯಂತ್ರಗಳು ನಂಬುವ ರುಜು ಮೈಕ್ರೋಸಾಫ್ಟಿನದು. ಲಿನಕ್ಸ್ ಬಳಗ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮಿಗೆ ಅದೇ ಸಂಸ್ಥೆಯ ರುಜು ಹಾಕಿಸಿಕೊಂಡು ಒಳಬರುವ ದಾರಿ ಮಾಡಿಕೊಂಡಿತು. 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣೆ ಹಳೆಯ ಗ್ರಬ್‌ಗಳ ಚೀಟಿಯನ್ನು ರದ್ದುಪಡಿಸಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಇದು ಅನ್ವಯಿಸದು ಎಂದು ಮೊದಲೇ ಹೇಳಲಾಗಿತ್ತು. ಆದರೂ ಅಂಥ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದೆ ನಿಂತಿತು. ಸಹಬಾಳ್ವೆಗೆಂದು ಎಫ್‌ಡಿಸ್ಕ್ ಬಂದು 41 ವರ್ಷಗಳಾದ ಮೇಲೆ, ಪಕ್ಕದ ಪಾಲುದಾರ ಇದ್ದಾನೋ ಇಲ್ಲವೋ ಎಂಬುದು ಮೊದಲ ಪಾಲುದಾರನಿಗೆ ಇನ್ನೂ ಸರಿಯಾಗಿ ಗೊತ್ತಾಗಿರಲಿಲ್ಲ.

ಹಳೆಯ ಡಿಸ್ಕುಗಳ ಕಾಲದಲ್ಲಿ ಒಂದು ಸಮಾಧಾನವಿತ್ತು. ಕಳೆದುಹೋಗುತ್ತಿದ್ದುದು ಪಹಣಿ, ಹೊಲ ಅಲ್ಲ. ಕ್ರಿಸ್ಟಾಫ್ ಗ್ರೆನಿಯೇ ಎಂಬ ಫ್ರೆಂಚ್ ತಂತ್ರಜ್ಞ 1998ರಿಂದ ಬೆಳೆಸುತ್ತ ಬಂದ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಸಾಧನ ಇಡೀ ಡಿಸ್ಕನ್ನು ತಡವಿ, ಪ್ರತಿ ಪಾಲಿನ ತಲೆಯಲ್ಲಿ ಉಳಿದಿರುವ ಗುರುತುಗಳನ್ನು ಹುಡುಕಿ, ಪಟ್ಟಿಯನ್ನು ಮತ್ತೆ ಬರೆದುಕೊಡುತ್ತದೆ. ನಕಾಶೆ ಸುಟ್ಟುಹೋದರೂ ಬಾಂದುಕಲ್ಲುಗಳನ್ನು ಹುಡುಕಿ ಗಡಿ ಗುರುತಿಸುವ ಸರ್ವೇಯರನ ಕೆಲಸ ಅದು. ಒಂದೇ ಷರತ್ತು: ಪಟ್ಟಿ ಹಾಳಾಯಿತೆಂದು ತಿಳಿದ ಕೂಡಲೇ ಡಿಸ್ಕಿಗೆ ಮತ್ತೇನನ್ನೂ ಬರೆಯಬಾರದು.

ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಸಮಾಧಾನ ಕರಗುತ್ತಿದೆ. ಅವುಗಳಲ್ಲಿ ತಿರುಗುವ ತಟ್ಟೆಯಿಲ್ಲ. ಒಂದು ಜಾಗ ಬೇಡವೆಂದು ವ್ಯವಸ್ಥೆ ತಿಳಿಸಿದರೆ ‘ಟ್ರಿಮ್’ ಎಂಬ ಆಜ್ಞೆಯ ಮೂಲಕ ಡಿಸ್ಕು ಆ ಜಾಗವನ್ನು ನಿಜವಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. ತಪ್ಪಾದ ಪಾಲನ್ನು ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಟ್ರಿಮ್ ಕೂಡ ಹೋಗುತ್ತದೆ; ಆಮೇಲೆ ತಡವಿದರೆ ಸಿಗುವುದು ಬರಿಯ ಸೊನ್ನೆ. ಅದರ ಮೇಲೆ ಬಿಟ್‌ಲಾಕರ್ ಬಗೆಯ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಳಕೆದಾರನಿಗೆ ಅರಿವಿಲ್ಲದೆಯೇ ಪೂರ್ತಿ ಪಾಲು ಗೂಢಲಿಪಿಗೆ ತಿರುಗಿರುತ್ತದೆ. ಎಬ್ಬಿಸುವ ಕ್ರಮದಲ್ಲಿ ವ್ಯತ್ಯಾಸ ಕಂಡರೆ ವಿಂಡೋಸ್ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದು ಇದ್ದರೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರವನ್ನು ಮೊದಲ ಸಲ ಚಾಲೂ ಮಾಡುವಾಗ ಅಂಗಡಿಯವರೇ ಯಾವುದೋ ಖಾತೆ ತೆರೆದುಕೊಟ್ಟಿದ್ದರೆ ಆ ಖಾತೆಯ ಹೆಸರೂ ನೆನಪಿರುವುದಿಲ್ಲ. ಕೊಟ್ಟೂರಿನಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಇಂದು ಲಿನಕ್ಸ್ ಪೆನ್‌ಡ್ರೈವ್ ಹಿಡಿದು ಕೂತವರು ಪಾಲಿನ ಪರದೆಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಎರಡು: ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು, ಬೇಕಾದ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ ಆ ಡಿಸ್ಕಿನ ವೈರನ್ನು ಯಂತ್ರದಿಂದ ಕಿತ್ತಿಡುವುದು.